ಎಂಜಲು ದಾರ

ಆಸ್ಪತ್ರೆ ವಾರ್ಡಿನಲ್ಲಿ ಆಯಸ್ಸು ಸವೆಸಿದ ನರ್ಸ್ ನಾನು. ಕೊಳಕು ಕಂಡರೆ ಮೈಯೆಲ್ಲ ಉರಿಯುತ್ತದೆ. ಅಂಥವಳ ಕಣ್ಣೆದುರೇ, ಹಿರಿಯರ ಕೇಂದ್ರದಲ್ಲಿ, ಒಬ್ಬ ರಿಟೈರ್ಡ್ ಟೈಲರ್ ದಾರದ ತುದಿಯನ್ನು ಬಾಯಿಗಿಟ್ಟು, ಚೀಪಿ, ಸೂಜಿಗೆ ಪೋಣಿಸಿದರು. ಅದೂ ನನ್ನ ಸ್ವೆಟರಿನ ಗುಂಡಿ ಹಾಕುವುದಕ್ಕೆ.

ಆ ಕೇಂದ್ರಕ್ಕೆ ನಾನು ಇಷ್ಟಪಟ್ಟು ಹೋದವಳಲ್ಲ. ಗಂಡ ತೀರಿಕೊಂಡ ಮೇಲೆ ನಿದ್ದೆ ಹಾರಿಹೋಗಿ, ಬಿಪಿ ಏರಿ ಕೂತಿತ್ತು. ಮಾತ್ರೆ ಬರೆದೂ ಬರೆದೂ ಬೇಸತ್ತ ಡಾಕ್ಟರು, ನಾಲ್ಕು ಜನರ ಜೊತೆ ಕೂತು ಮಾತಾಡಿ ಎಂದಿದ್ದರು. ಆ ನಾಲ್ಕು ಜನವೋ, ದೇವರಿಗೇ ಪ್ರೀತಿ. ಒಬ್ಬರು ಕೈಗೆ ಸೀನಿ ಅದೇ ಕೈಯಲ್ಲಿ ಇಸ್ಪೀಟು ಹಂಚುವರು. ಇನ್ನೊಬ್ಬರು ತಲೆ ಬಾಚಿದ ಬಾಚಣಿಗೆಯನ್ನು ಊಟದ ಮೇಜಿನ ಮೇಲೇ ಇಡುವರು.

"ಥೂ, ಎಂಜಲು ದಾರ" ಎಂದೆ.

ಟೈಲರ್ ಕನ್ನಡಕದ ಮೇಲಿಂದ ನೋಡಿದರು. "ಮೇಡಂ, ಊರಿನವರೆಲ್ಲ ಇಷ್ಟು ವರ್ಷ ನನ್ನ ಎಂಜಲನ್ನೇ ಹಾಕ್ಕೊಂಡು ಮದುವೆಗೆ ಹೋಗಿದ್ದಾರೆ."

ಎಲ್ಲರೂ ನನ್ನನ್ನು ಸಿಸ್ಟರ್ ಅನ್ನುತ್ತಾರೆ. ಇವರೊಬ್ಬರು ಹುಷಾರಾಗಿ ಮೇಡಂ ಅಂದರು. ನಗು ಬಂತು, ನುಂಗಿಕೊಂಡೆ.

ಅಂದಿನಿಂದ ದಿನವೂ ಅವರಿಗೆ ನನ್ನ ಬೈಗುಳ. ಉಗುರು ಕತ್ತರಿಸಿಲ್ಲ, ಕರವಸ್ತ್ರ ಒಗೆದಿಲ್ಲ ಅಂತ. ಅವರು ಮೀಸೆಯಡಿಯೇ ನಗುತ್ತಾ, ಮರುದಿನ ಬೇಕಂತಲೇ ಹೊಸದೊಂದು ತಪ್ಪು ಮಾಡಿಕೊಂಡು ಬರುವರು. ಮನೆಗೆ ಹೋದರೆ ನನಗೆ ಗಡದ್ದಾಗಿ ನಿದ್ದೆ. ಬಿಪಿ ಇಳಿಯಿತು. ಡಾಕ್ಟರು ಒಂದು ಮಾತ್ರೆ ನಿಲ್ಲಿಸಿದರು.

ಯಾರೋ ಮಗನ ಕಿವಿ ಊದಿದರು. "ಈ ವಯಸ್ಸಲ್ಲಿ ಇದೆಲ್ಲ ಅಸಹ್ಯ ಅಮ್ಮ" ಎಂದ. ಕಂಡವರ ಕೀವು ಒರೆಸಿ ಇವನನ್ನು ಓದಿಸಿದವಳಿಗೆ ಅಸಹ್ಯದ ಪಾಠ ಹೇಳಲು ಬಂದ. ಆದರೂ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತೆ. ನಿದ್ದೆ ಮತ್ತೆ ಹೋಯಿತು, ನಿಲ್ಲಿಸಿದ್ದ ಮಾತ್ರೆ ವಾಪಸು ಬಂತು. ಗೋಡೆ ನೋಡಿಕೊಂಡು ಅದನ್ನು ನುಂಗುವಾಗ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಟೈಲರ್ ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಮುಂದಿದ್ದ ಚಹಾ ಆರಿ ಕೆನೆಗಟ್ಟಿತ್ತು.

"ಊಟ ಸೇರ್ತಿಲ್ಲ ಮೇಡಂ. ಬೈಯೋರೇ ಇಲ್ಲ."

"ನಾನು ಬೈಯೋಕೆ ಬರ್ತಿದ್ದೆ ಅಂದ್ಕೊಂಡ್ರಾ? ನಿಮ್ಮನ್ನ ನೋಡೋಕೆ ಬರ್ತಿದ್ದೆ."

ಅವರ ಕಣ್ಣು ತುಂಬಿತು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಮಗ, ಎಲ್ಲಿದ್ದೀಯ ಎಂದು ಗದರಿದ.

"ಟೈಲರ್ ಪಕ್ಕ ಕೂತಿದ್ದೀನಿ. ದಿನಾ ಕೂರ್ತೀನಿ. ಅಸಹ್ಯ ಆದ್ರೆ ನೋಡ್ಬೇಡ."

ಅವರು ಸಂತೋಷಕ್ಕೆ ಆ ಆರಿದ ಚಹಾವನ್ನೇ, ಕೆನೆ ಸಮೇತ, ಸೊರ್ರೆಂದು ಹೀರಿದರು. ಮುಖ ಕಿವುಚಿಕೊಂಡೇ ನಾನು ಅವರ ಕೈ ಹಿಡಿದೆ.