ನೆತ್ತಿಯ ತೂತು

ಟ್ರೇ ಎಳೆದು ನೋಡಿದ ಚಿಪ್ಪಿನ ಮೇಡಂಗೆ ಎದೆ ಧಸಕ್ಕೆಂದಿತು. ಒಂದು ಚಿಪ್ಪಿಗೂ ನೆತ್ತಿಯಲ್ಲಿ ತೂತಿಲ್ಲ!

ಕಡಲ ಚಿಪ್ಪುಗಳನ್ನು ನೋಡಿಕೊಳ್ಳುವ ಅವಳನ್ನು ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಕರೆಯುವುದು ‘ಚಿಪ್ಪಿನ ಮೇಡಂ’ ಎಂದೇ. ಕೋಪ ಬಂದರೂ ದನಿ ಏರಿಸುವವಳಲ್ಲ. ತಣ್ಣಗೆ ನೋಡುತ್ತಾಳೆ, ಅಷ್ಟಕ್ಕೇ ಎದುರಿನವರ ಬಾಯಿ ಕಟ್ಟುತ್ತದೆ. ಟ್ರೇ ಹಿಡಿದು ಪಕ್ಕದ ಕೋಣೆಗೆ ಹೋದಳು. ರಿಪೇರಿಯವನು ಒಡೆದ ಹೂಜಿಗೆ ಹಿಡಿ ಅಂಟಿಸುತ್ತಿದ್ದ.

“ಇದು ನಿಮ್ಮ ಕೆಲಸಾನಾ?”

“ಹೌದು ಮೇಡಂ.” ಅವನ ಮುಖ ಅರಳಿತು. “ಎಲ್ಲದರಲ್ಲೂ ತೂತು ಬಿದ್ದಿತ್ತು. ನೀವು ಈ ಊರು ಬಿಡೋದರೊಳಗೆ ಸರಿ ಮಾಡಿಕೊಡೋಣ ಅಂತ ರಜೆ ದಿನ ಕೂತು ಮುಚ್ಚಿದೆ. ಬಣ್ಣ ಹೊಂದಿದೆ ಅಲ್ವಾ?”

ಹೊಂದಿತ್ತು, ಹಾಳಾದ್ದು. ಅದೇ ತೊಂದರೆ.

“ಇದು ಕೀಹೋಲ್ ಲಿಂಪೆಟ್. ಬಂಡೆಗೆ ಕಚ್ಚಿಕೊಂಡಿರೋ ಕಡಲ ಬಸವನಹುಳು. ಆ ತೂತು ಅದರದ್ದೇ. ಉಸಿರಾಡಿದ ನೀರು ಅಲ್ಲಿಂದ ಹೊರಗೆ ಹೋಗುತ್ತೆ.”

ಅವನು ಇಂಗು ತಿಂದ ಮಂಗನಂತಾದ. “ಮೇಣ ಅಷ್ಟೇ ಮೇಡಂ. ಬಿಸಿನೀರಿಗೆ ಬಿಡುತ್ತೆ.”

ಬಿಸಿನೀರಿನ ಬಟ್ಟಲಿಟ್ಟುಕೊಂಡು ಇಬ್ಬರೂ ಎದುರುಬದುರು ಕೂತು ಸೂಜಿಯಿಂದ ಮೇಣ ಬಿಡಿಸತೊಡಗಿದರು. ಅವನು ಕನ್ನಡಕದ ಮೇಲಿಂದ ಕದ್ದು ನೋಡಿದ; ಅವಳು ನೋಡದವಳಂತೆ ಚಿಪ್ಪು ಒರೆಸಿದಳು. ಸೋಮವಾರ ಅವಳು ಬೇರೆ ಊರಿಗೆ, ದೊಡ್ಡ ಕೆಲಸಕ್ಕೆ ಹೊರಡಬೇಕು. “ಹೋಗು, ಇಲ್ಲೇನು ಗಂಟು ಇಟ್ಟಿದ್ದೀಯ?” ಎಂದು ಅಕ್ಕ ಕೇಳಿದ್ದಳು. ಆ ಗಂಟು ಇಲ್ಲೇ ಎದುರಿಗೆ ಕೂತಿತ್ತು; ಇಷ್ಟು ದಿನ ಇಬ್ಬರೂ ನಮಸ್ಕಾರ ಬಿಟ್ಟು ಬೇರೆ ಮಾತಾಡಿರಲಿಲ್ಲ. ಇವತ್ತೂ ಆಡದಿದ್ದರೆ ಎಲ್ಲ ಇಲ್ಲಿಗೆ ಮುಗಿಯಿತು.

“ಮುಚ್ಚೋ ಮೊದಲು ಒಂದು ಮಾತು ಕೇಳಬಾರದಿತ್ತಾ?”

“ನಿಮ್ಮೆದುರು ನಾಲಿಗೆ ಹೊರಳಲ್ಲ. ಕೈಯಾದ್ರೆ ಹೇಳಿದಂತೆ ಕೇಳುತ್ತೆ.”

“ಈಗ ಹೊರಳ್ತಿದೆಯಲ್ಲ?”

“ಈಗ ಹೇಗೂ ಮಾನ ಹೋಗಿದೆ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ಉಳಿದಿದ್ದನ್ನೂ ಹೇಳಿಬಿಡಿ.”

ಅವನು ಸೂಜಿ ಕೆಳಗಿಟ್ಟ. “ಹೋಗಬೇಡಿ ಅನ್ನೋಕೆ ನಾನ್ಯಾರು? ಆದ್ರೆ ನೀವಿಲ್ಲದ ಈ ಕಟ್ಟಡ ನೆನೆಸಿಕೊಂಡ್ರೆ ಕೈಕಾಲೇ ಆಡಲ್ಲ. ನಂಗೆ ನೀವಂದ್ರೆ ಇಷ್ಟ.”

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಚಿಪ್ಪು ಎಲ್ಲಿ ಜಾರೀತೋ ಎಂದು ಒಡನೆ ಟ್ರೇಯಲ್ಲಿ ಇಟ್ಟುಬಿಟ್ಟಳು.

“ಹೋಗೋದಂತೂ ಹೋಗ್ತೀನಿ. ಆ ಕೆಲಸಕ್ಕೆ ತುಂಬಾ ಕಾದಿದ್ದೆ.”

ಅವನು ತಲೆ ತಗ್ಗಿಸಿದ.

“ಈ ಮಾತಿಗೂ ಕಾದಿದ್ದೆ. ಸೋಮವಾರ ಸ್ಟೇಷನ್ನಿಗೆ ಬನ್ನಿ. ಅಕ್ಕ ಬರ್ತಾಳೆ. ನೀವ್ಯಾರು ಅಂತ ಕೇಳಿದ್ರೆ ನೀವೇ ಹೇಳಬೇಕು.”

“ಏನಂತ ಹೇಳ್ಲಿ ಮೇಡಂ?”

“ಮೊದಲು ಆ ಮೇಡಂ ಅನ್ನೋದು ಬಿಡು,” ಎಂದಳು ಅವಳು. “ಅಕ್ಕನ ಮುಂದೆ ಹಾಗೆ ಕರೆದ್ರೆ, ನನ್ನ ಪೆಟ್ಟಿಗೆ ಹೊರೋಕೆ ಬಂದವನು ಅಂದ್ಕೊಂಡುಬಿಡ್ತಾಳೆ.”