ಪಂಪಿನ ಮೇಲಿನ ವಿಭೂತಿ

ಶಿರಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಮೊದಲು ಅನುಮಾನ ಬರುವುದೇ ಗಿರಾಕಿಯ ಮೇಲೆ. ಹೋದ ಮಾರ್ಚಿನ ಒಂದು ಮಧ್ಯಾಹ್ನ ಕಳ್ಳಂಬೆಳ್ಳದ ವರಲಕ್ಷ್ಮಿಯ ಫೋಟೊ ಸ್ಟುಡಿಯೋಗೆ ಹೋಗಿದ್ದೆ. ಕಂಪ್ಯೂಟರ್ ಬಿಸಿಯಾಗಿ ಆಗಿ ಆಫ್ ಆಗುತ್ತಿತ್ತು. ಬೇರೆ ಯಾರಾದರೂ ಬಿಚ್ಚಿದರೆ ಗೊತ್ತಾಗಲೆಂದು ಅದರ ಸ್ಕ್ರೂಗಳಿಗೆ ನಾನು ಹಚ್ಚಿದ್ದ ಉಗುರುಬಣ್ಣ ಒಡೆದಿರಲಿಲ್ಲ. ಬಿಚ್ಚಿದೆ. ವರ್ಷದ ಹಿಂದೆ ನಾನೇ ಕೂರಿಸಿದ್ದ, ಒಳಗೆ ದ್ರವ ಹರಿಸಿ ತಣ್ಣಗಿಡುವ ಲಿಕ್ವಿಡ್ ಕೂಲರಿನ ಪಂಪ್ ನಿಂತುಹೋಗಿ, ಕೈ ಸುಡುವಷ್ಟು ಬಿಸಿಯಾಗಿತ್ತು. ಅದರ ಮುಚ್ಚಳದ ಮೇಲೆ ಎರಡು ಗೆರೆ ವಿಭೂತಿ, ಒದ್ದೆಯಾಗಿ, ತಣ್ಣಗೆ.

“ಯಾರು ಬಿಚ್ಚಿದ್ದು?” ಎಂದೆ.

“ಯಾರೂ ಮುಟ್ಟಿಲ್ಲ ಕಣಣ್ಣ. ನೀನು ಹಾಕ್ಬುಟ್ಟು ಹೋದಂಗೇ ಐತೆ.”

ಅವಳು ಬಗ್ಗಿ ನೋಡಿದಳು. ದನಿ ಇಳಿಯಿತು.

“ಆಯುಧಪೂಜೇಲಿ ನಮ್ಮೆಜಮಾನ್ರು ಇಂಗೇ ಬಳೀತಿದ್ರು. ಅವರಿಗೆ ನಡುಬೆರಳು ಇರ್ಲಿಲ್ವಲ್ಲ, ಮಧ್ಯದ ಗೆರೆ ಬರ್ತಿರ್ಲಿಲ್ಲ.”

ಆತ ತೀರಿಕೊಂಡದ್ದು ನಾನು ಆ ಕೂಲರ್ ಕೂರಿಸುವುದಕ್ಕೂ ಎರಡು ವರ್ಷ ಮೊದಲು. ಇದೆಲ್ಲ ಇವಳದೇ ನಾಟಕ ಎಂದುಕೊಂಡೆ. ಅಂಗಡಿಯಿಂದ ತಂದಿದ್ದ ಹೊಸ ಕೂಲರಿನ ಡಬ್ಬದ ಸೀಲನ್ನು ಅವಳೆದುರೇ ಕತ್ತರಿಸಿದೆ.

ಹೊಸ ಪಂಪಿನ ಮೇಲೂ ಎರಡು ಗೆರೆಗಳಿದ್ದವು, ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ. ಮುಟ್ಟಿದೆ. ವಿಭೂತಿ ಇನ್ನೂ ಆರಿರಲಿಲ್ಲ.