ಟೇಬಲ್ ಮೇಲೆ ಹೇಳಬೇಕಿದ್ದ ಮಾತು

ಸೋಮನನ್ನು ಯಾರೂ ಯಾವತ್ತೂ ಕೇಳಿದವರಲ್ಲ. ಕಾಲೇಜು ಬಿಡಿಸಿ ಯಲ್ಲಾಪುರದ ವೆಲ್ಡಿಂಗ್ ಶಾಪಿನಲ್ಲಿ ಕೂರಿಸುವಾಗ ಅಣ್ಣ ರಾಘು ಕೇಳಲಿಲ್ಲ. ಸೋಮ ಮೆಚ್ಚಿದ ಸಿದ್ದಾಪುರದ ಹುಡುಗಿ ಬೇಡವೆಂದು ಹೇಳಿ ಕಳಿಸುವಾಗಲೂ ಕೇಳಲಿಲ್ಲ. ಈಗ ತನ್ನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಹುಬ್ಬಳ್ಳಿಯ ಡಾಕ್ಟರೆದುರು ರಾಘುವಿನದು ಅದೇ ಧಾಟಿ: "ತಮ್ಮ ಕೊಡ್ತಾ. ಅಂವನ್ನ ಕೇಳೂದೆಂತದು?"

ಪರೀಕ್ಷೆಗಳೆಲ್ಲ ಹೊಂದಿಕೊಂಡವು. ಸೋಮ ಒಳಗೊಳಗೇ ಕುದಿದ.

ಅರಿವಳಿಕೆಯ ಡಾಕ್ಟರು ಸಮೃದ್ಧಿ ಅವನೊಬ್ಬನನ್ನೇ ಕೂರಿಸಿಕೊಂಡು ಹೇಳಿದರು: "ಮನಸ್ಸಿಲ್ಲದಿದ್ದರೆ ನನಗೆ ಹೇಳಿ. ನಿಮ್ಮ ಕಿಡ್ನಿ ಆಗುವುದಿಲ್ಲ ಅಂತಷ್ಟೇ ಮನೆಯವರಿಗೆ ತಿಳಿಸುತ್ತೇವೆ."

"ಖುಷಿಯಿಂದ ಕೊಡ್ತೆ, ಮೇಡಂ."

ಹಾಗೆ ಸುಮ್ಮನೆ ತಪ್ಪಿಸಿಕೊಂಡರೆ ಅವನ ಉರಿ ಆರುತ್ತಿರಲಿಲ್ಲ. ರಾಘು ಆಸೆಯಿಂದ ತಯಾರಾಗಿ ಮಲಗಿರಬೇಕು, ಆಗ ಡಾಕ್ಟರ ಬಾಯಲ್ಲೇ ಇಲ್ಲವೆನ್ನಿಸಬೇಕು. ದಾರಿಯನ್ನೂ ಆ ಡಾಕ್ಟರೇ ತೋರಿಸಿಕೊಟ್ಟಿದ್ದರು. ಆಪರೇಶನ್ನಿನ ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ತಿಂದದ್ದನ್ನು ವಾರ್ಡಿನಲ್ಲೇ ಹೇಳಿದರೆ ಸಂಜೆಯವರೆಗೆ ಕಾಯಿಸಿ ಕೊಯ್ಯುತ್ತಾರೆ. ಆದರೆ ಆಪರೇಶನ್ ಟೇಬಲ್ ಮೇಲೆ ಮಲಗಿದ ಮೇಲೆ ಹೇಳಿದ ಒಬ್ಬನನ್ನು ನಂಬಲಾಗದವನೆಂದು ಮನೆಗೇ ಕಳಿಸಿದರಂತೆ. ಹಾಗೆಂದವನು ಪಕ್ಕದ ಹಾಸಿಗೆಯ ಅಂದಾನಪ್ಪ. ಹಸಿವು ತಡೆಯಲಿಲ್ಲ ಎಂದುಬಿಟ್ಟರಾಯಿತು. ಊರವರು ಪೆದ್ದನೆಂದು ಬೈದಾರು, ಕೊಲೆಗಾರ ಎನ್ನಲಾರರು. ಅಣ್ಣನಿಗೆ ಬೇರೆ ಕಿಡ್ನಿ ಸಿಗುವ ಹೊತ್ತಿಗೆ ಅಣ್ಣನೇ ಇರಲಿಕ್ಕಿಲ್ಲ.

ಬೆಳಿಗ್ಗೆ ಬಾತ್‌ರೂಮಿನ ಚಿಲಕ ಹಾಕಿಕೊಂಡು, ಬ್ಯಾಗಿನಲ್ಲಿ ಬಚ್ಚಿಟ್ಟಿದ್ದ ಬನ್ಸನ್ನು ಸೋಮ ನಿಧಾನವಾಗಿ, ರುಚಿ ನೋಡುತ್ತ ತಿಂದ. ಬಾಯಿ ತೊಳೆದು ಹೊರಬಂದ.

"ಏನೂ ತಿಂದಿಲ್ಲಲ್ರೀ?" ಸಿಸ್ಟರ್ ಕೇಳಿದಳು.

"ಎಂತದೂ ಇಲ್ಲ."

ಸ್ಟ್ರೆಚರ್ ಹೊರಟಿತು. ಅತ್ತಿಗೆ ರೋಹಿಣಿ ಜೊತೆಗೇ ನಡೆಯುತ್ತ ಅವನ ಕೈ ಹಿಡಿದು, "ನಿನ್ನ ಋಣ ತೀರ್ಸೂಕಾಗ ಮಾರಾಯಾ" ಎಂದು ಅತ್ತಳು. ಸೋಮ ಮುಖ ಆಚೆ ತಿರುಗಿಸಿದ. ಟೇಬಲ್ ಮೇಲೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡ.

ಥಿಯೇಟರಿನ ಬಾಗಿಲ ಬಳಿ ಗೆಲುವಿನ ಉದ್ವೇಗಕ್ಕೆ ಅವನ ಕೈಕಾಲು ನಡುಗತೊಡಗಿದವು. ಸಿಸ್ಟರ್ ಅದನ್ನು ಭಯವೆಂದುಕೊಂಡು ಸಲೈನ್ ನಳಿಕೆಗೆ ಸಣ್ಣದೊಂದು ಸಿರಿಂಜ್ ಒತ್ತಿದಳು. "ಅಂಜಬ್ಯಾಡ್ರಿ. ಅಂಜಿಕಿ ಹೋಗೂದಕ್ಕ ಎಲ್ಲಾರಿಗೂ ಹೊರಗನ ಇದನ್ನ ಕೊಡ್ತೀವ್ರಿ." ನಿದ್ದೆಯ ಔಷಧವೆಲ್ಲ ಒಳಗೆ, ಟೇಬಲ್ ಮೇಲೆಯೇ ಶುರುವಾಗುತ್ತದೆಂದು ಸೋಮ ತಿಳಿದಿದ್ದ. ದೀಪಗಳು ದೊಡ್ಡವಾದವು. ಟೇಬಲ್ ಮೇಲೆ ಮಲಗಿಸಿದಾಗ 'ತಿಂದಿದ್ದೆ' ಎನ್ನಲು ಹೋದ, ನಾಲಿಗೆ ಹೊರಳಲಿಲ್ಲ. ಸಮೃದ್ಧಿ ಮಾಸ್ಕನ್ನು ಅವನ ಮುಖದ ಮೇಲಿಟ್ಟು ಮೃದುವಾಗಿ ಹೇಳಿದರು: "ಉದ್ದಕ್ಕೆ ಉಸಿರು ತಗೊಳ್ಳಿ."